ಪಾಲಕ್ ಪಕ್ಕದ ಕಟ್ಟು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಸರ್ಕಾರಿ ಕಡತದಲ್ಲಿ ಈಗ ಅಲ್ ಝಾಹಿಯಾ ಎಂದು ಹೆಸರು. ಟ್ಯಾಕ್ಸಿ ಚಾಲಕರಿಗೂ ಹಳೆಯ ಬಾಡಿಗೆದಾರರಿಗೂ ಮಾತ್ರ ಅದು ಇಂದಿಗೂ ಟೂರಿಸ್ಟ್ ಕ್ಲಬ್ಬೇ. ಒತ್ತೊತ್ತಾಗಿ ಎದ್ದ ಬಹುಮಹಡಿ ಕಟ್ಟಡಗಳು, ಅವುಗಳ ನೆಲಮಹಡಿಯಲ್ಲಿ ಗ್ರೋಸರಿ, ಲಾಂಡ್ರಿ, ಕೆಫೆಟೇರಿಯಾ. ಒಂದು ಬದಿಗೆ ಅಬುಧಾಬಿ ಮಾಲ್, ಇನ್ನೊಂದು ಬದಿಗೆ ಸ್ವಲ್ಪ ದೂರದಲ್ಲಿ ಮೀನಾ ಬಂದರಿನ ತರಕಾರಿ ಮಾರುಕಟ್ಟೆ. ಇಲ್ಲಿನ ಯಾವ ಅಂಗಡಿಗೆ ಹೋದರೂ ಸೊಪ್ಪಿನ ಕಪಾಟಿನಲ್ಲಿ ಪಾಲಕ್, ಕೊತ್ತಂಬರಿ, ಪುದೀನ, ಮೆಂತ್ಯ, ಪಾರ್ಸ್ಲಿಗಳ ನಡುವೆ ಇನ್ನೊಂದು ಕಟ್ಟು ಇದ್ದೇ ಇರುತ್ತದೆ: ಉದ್ದ ತೊಟ್ಟು, ಅಂಚಿನಲ್ಲಿ ಕಚ್ಚುಗಳಿರುವ ಅಗಲ ಎಲೆ, ಬುಡಕ್ಕೊಂದು ರಬ್ಬರ್ ಬ್ಯಾಂಡ್. ಅರಬ್ಬರ ಬಾಯಲ್ಲಿ ಅದು ಜರ್ಜೀರ್; ಇಂಗ್ಲಿಷ್ ಮೆನುಗಳಲ್ಲಿ ರಾಕೆಟ್ ಅಥವಾ ಅರುಗುಲಾ. ಕೆಲವೇ ದಿರ್ಹಮ್‌ನ ಈ ಕಟ್ಟನ್ನು ಎಮಿರಾತಿಗಳು, ಈಜಿಪ್ಟಿನವರು, ಸಿರಿಯಾದವರು ಕಣ್ಣುಮುಚ್ಚಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಮಂಗಳೂರು, ಉಡುಪಿ, ಕಾಸರಗೋಡು, ಬೆಂಗಳೂರಿನ ಕಡೆಯಿಂದ ಬಂದ ಮನೆಗಳ ಕೈ ಮಾತ್ರ ಪಾಲಕಿನ ಕಡೆಗೇ ಹೋಗುತ್ತದೆ. ಪಾಲಕ್ ಆರೋಗ್ಯಕ್ಕೆ ಒಳ್ಳೆಯದು, ಮಕ್ಕಳು ತಿನ್ನುತ್ತಾರೆ, ಪನ್ನೀರಿಗೂ ಆಯಿತು, ತೊವ್ವೆಗೂ ಆಯಿತು. ಜರ್ಜೀರ್ ಎಂದರೆ ಅವರ ಸೊಪ್ಪು, ಕಹಿ, ಘಾಟು. ಪೋಷಣೆಯ ಲೆಕ್ಕ ಹಿಡಿದು ನೋಡಿದರೆ ಈ ಆಯ್ಕೆ ಸರಿಯಲ್ಲ ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಯಾವ ಘಾಟನ್ನು ನೆಪ ಮಾಡಿಕೊಂಡು ಆ ಕಟ್ಟನ್ನು ಬಿಟ್ಟು ಬರುತ್ತೇವೋ ಆ ಘಾಟು ಕನ್ನಡದ ಅಡುಗೆಮನೆಗೆ ಹೊಸದೇನಲ್ಲ. ಅದನ್ನು ಪಳಗಿಸುವ ದಾರಿಗಳೂ ನಮ್ಮಲ್ಲಿ ಹಿಂದಿನಿಂದಲೇ ಇವೆ.

ಜರ್ಜೀರ್ ಯಾರ ಪೈಕಿ ಎಂಬುದನ್ನು ಮೊದಲು ನೋಡೋಣ. ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು, ಟರ್ನಿಪ್, ಬ್ರೊಕೊಲಿ, ಕೇಲ್, ಚೀನೀಯರ ಬಾಕ್ ಚಾಯ್, ಇವೆಲ್ಲ ಒಂದೇ ಕುಟುಂಬ. ಹೂವಿಗೆ ಅಡ್ಡಡ್ಡ ಜೋಡಿಸಿದಂತೆ ನಾಲ್ಕೇ ದಳ. ಸಾಸಿವೆ ಹೊಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಜರ್ಜೀರ್ ಈ ಮನೆತನದ ಕುಡಿ. ರಾಜಸ್ಥಾನ, ಹರಿಯಾಣದ ಒಣಭೂಮಿಯಲ್ಲಿ ತಾರಾಮೀರಾ ಎಂಬ ಹೆಸರಿನಲ್ಲಿ ಇದೇ ಗಿಡವನ್ನು ಎಣ್ಣೆಬೀಜಕ್ಕಾಗಿ ಬೆಳೆಯುತ್ತಾರೆ. ಅಂದಮೇಲೆ ಭಾರತಕ್ಕೆ ಇದು ಅಪರಿಚಿತ ಗಿಡವಲ್ಲ, ದಕ್ಷಿಣದ ತಟ್ಟೆಗೆ ಎಲೆಯಾಗಿ ಬರಲಿಲ್ಲ ಅಷ್ಟೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ನಮ್ಮ ನುಗ್ಗೆಯೂ ಇವರಿಗೆ ದೂರದ ನೆಂಟ. ಸಸ್ಯಶಾಸ್ತ್ರಜ್ಞರು ನುಗ್ಗೆಯನ್ನು ಬೇರೆ ಕುಟುಂಬದಲ್ಲಿಟ್ಟರೂ ಗಣ ಒಂದೇ. ಸಾಸಿವೆಗೆ ಘಾಟು ಕೊಡುವ ಬಗೆಯ ರಾಸಾಯನಿಕಗಳು ನುಗ್ಗೆ ಸೊಪ್ಪಿನಲ್ಲೂ ಇವೆ. ನುಗ್ಗೆ ಸೊಪ್ಪಿನ ಪಲ್ಯಕ್ಕೆ ಬಾಯಿ ಚಪ್ಪರಿಸುವವರು, ದಿನಕ್ಕೆ ನಾಲ್ಕು ಸಲ ಸಾಸಿವೆ ಸಿಡಿಸುವವರು, ಮೂಲಂಗಿ ಹುಳಿಯ ವಾಸನೆ ಬಂದರೆ ಹಸಿವಾಯಿತು ಎನ್ನುವವರು ಜರ್ಜೀರಿನ ಮುಂದೆ ಬಂದಾಗ ಮಾತ್ರ ಮೂಗು ಮುರಿಯುವುದಕ್ಕೆ ರುಚಿಗಿಂತ ಅಪರಿಚಯವೇ ಹೆಚ್ಚು ಕಾರಣ.

ಈಗ ಪೋಷಣೆಯ ಲೆಕ್ಕ. ಸೊಪ್ಪಿನ ಮಾತು ಬಂದೊಡನೆ ನಾವು ಕಬ್ಬಿಣದ ಮಾತಾಡುತ್ತೇವೆ. ಕ್ಯಾಲ್ಸಿಯಂ ವಿಷಯವನ್ನು ಹಾಲಿಗೆ ಬಿಟ್ಟುಬಿಟ್ಟಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಹಸಿ ಪಾಲಕಿನಲ್ಲಿ ಸುಮಾರು 99 ಮಿಲಿಗ್ರಾಂ, ಜರ್ಜೀರಿನಲ್ಲಿ 160, ಸಾಸಿವೆ ಸೊಪ್ಪಿನಲ್ಲಿ 115, ಕೇಲ್‌ನಲ್ಲಿ 250ರ ಆಸುಪಾಸು. ಇಷ್ಟನ್ನೇ ನೋಡಿದರೆ ಪಾಲಕಿಗೂ ಸಾಸಿವೆ ಸೊಪ್ಪಿಗೂ ವ್ಯತ್ಯಾಸ ದೊಡ್ಡದಲ್ಲ. ಆದರೆ ಎಲೆಯಲ್ಲಿ ಇರುವುದೆಲ್ಲ ಮೈಗೆ ಸೇರುವುದಿಲ್ಲ. ಪಾಲಕ್, ಹರಿವೆ, ದಂಟು ಮುಂತಾದ ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ವಸ್ತು ಧಾರಾಳವಾಗಿದೆ. ಅದು ಕ್ಯಾಲ್ಸಿಯಂನ್ನು ಕರುಳಿನಲ್ಲೇ ಹಿಡಿದು ಕರಗದ ಉಪ್ಪಾಗಿಸಿ ಹೊರಗೆ ಕಳಿಸುತ್ತದೆ. ಅಮೆರಿಕದ ರಾಬರ್ಟ್ ಹೀನಿ ಮತ್ತು ಕಾನಿ ವೀವರ್ ಎಂಬ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಇದನ್ನು ಊಹೆಗೆ ಬಿಡದೆ ಮನುಷ್ಯರ ಮೇಲೆಯೇ ಅಳೆದರು. ಎಲೆಯನ್ನು ಬೆಳೆಸುವಾಗಲೇ ಗುರುತು ಹಾಕಿದ ಕ್ಯಾಲ್ಸಿಯಂ ಕೊಟ್ಟು, ಅದನ್ನು ತಿಂದವರ ರಕ್ತಕ್ಕೆ ಎಷ್ಟು ಸೇರಿತೆಂದು ನೋಡಿದರು. ಪಾಲಕಿನ ಕ್ಯಾಲ್ಸಿಯಂ ಸೇರಿದ್ದು ನೂರಕ್ಕೆ ಐದು ಪಾಲು. 1990ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಕೇಲ್‌ನ ಕ್ಯಾಲ್ಸಿಯಂ ನೂರಕ್ಕೆ 41 ಪಾಲು ಸೇರಿತು, ಹೋಲಿಕೆಗೆ ಇಟ್ಟ ಹಾಲಿನದು 32. ಮುಂದೆ ಬಾಕ್ ಚಾಯ್ ಮತ್ತು ಚೀನೀ ಸಾಸಿವೆ ಸೊಪ್ಪಿನ ಅಳತೆಗಳಲ್ಲೂ ಅಂಕಿ 40ರ ಸುತ್ತ ಅಥವಾ ಅದಕ್ಕೂ ಮೇಲೆಯೇ ಬಂತು. ಗುಣಾಕಾರ ಮಾಡಿ ನೋಡಿ: ನೂರು ಗ್ರಾಂ ಪಾಲಕಿನಿಂದ ಮೈಗೆ ದಕ್ಕುವುದು ಸುಮಾರು 5 ಮಿಲಿಗ್ರಾಂ, ಅಷ್ಟೇ ತೂಕದ ಸಾಸಿವೆ ಸೊಪ್ಪಿನಿಂದ 45ರಷ್ಟು.

ಜರ್ಜೀರಿನ ವಿಷಯದಲ್ಲಿ ಇದು ಅನುಮಾನ ಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ ಎಂದು ನಮ್ಮ ತರ್ಕಶಾಸ್ತ್ರದವರು ತಡೆದಾರು. ತಡೆಯಲಿ. ಮೇಲಿನ ಅಳತೆಗಳೆಲ್ಲ ಅದರ ದಾಯಾದಿಗಳ ಮೇಲೆ ನಡೆದವು. ಆದರೆ ಹೀರುವಿಕೆ ಚೆನ್ನಾಗಿರಲು ಕಾರಣ ಆಕ್ಸಲೇಟ್ ಕಡಿಮೆ ಇರುವುದು, ಜರ್ಜೀರಿನಲ್ಲೂ ಅದು ಕಡಿಮೆಯೇ. ಆದ್ದರಿಂದ ಈ ಅನುಮಾನ ದುರ್ಬಲವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹಸಿ ಎಲೆಯನ್ನು ನೂರು ಗ್ರಾಂ ತಿನ್ನುವವರು ಯಾರು? ಹೋಟೆಲಿನಲ್ಲಿ ಮಂದಿ ಎಂಬ ಅರಬ್ಬೀ ಅನ್ನದ ಜೊತೆಗೋ ಸುಟ್ಟ ಮೀನಿನ ಜೊತೆಗೋ ಬರುವ ಸೊಪ್ಪಿನ ತಟ್ಟೆಯಿಂದ ಹತ್ತು ಎಲೆ ತಿಂದರೆ ಅದೇ ಹೆಚ್ಚು. ಇದು ನಿಜ. ಮೂವತ್ತು ಗ್ರಾಂ ಹಸಿ ಜರ್ಜೀರ್ ತಿಂದು ಮೂಳೆ ಗಟ್ಟಿಯಾಯಿತೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಪ್ರಮಾಣ ಬೇಕಿದ್ದರೆ ಬಾಣಲೆಗೆ ಹಾಕಬೇಕು. ತುಂಬಿದ ಬಾಣಲೆ ಸೊಪ್ಪು ಎರಡೇ ನಿಮಿಷದಲ್ಲಿ ಬಾಡಿ ಒಂದು ಹಿಡಿಯಾಗುತ್ತದೆ. ಹಾಗೆಂದು ಪಾಲಕನ್ನು ಅಡುಗೆಮನೆಯಿಂದ ಓಡಿಸಬೇಕು ಎಂಬುದೂ ನನ್ನ ಮಾತಲ್ಲ. ಫೋಲೇಟ್, ಮೆಗ್ನೀಸಿಯಂ, ಎ ಜೀವಸತ್ವಕ್ಕೆ ಮೂಲವಾದ ಕ್ಯಾರೋಟಿನ್ ಅದರಲ್ಲಿ ಚೆನ್ನಾಗಿವೆ. ಪಾಲಕೊಂದೇ ಸಾಕು ಎಂಬ ನಂಬಿಕೆಗಷ್ಟೇ ನನ್ನ ತಕರಾರು. ಗಲ್ಫ್‌ನಲ್ಲಿ ಈ ತಕರಾರಿಗೆ ಇನ್ನೂ ಒಂದು ಕಾರಣವಿದೆ. ಸೆಕೆ, ಬೆವರು, ನೀರು ಕಡಿಮೆ ಕುಡಿಯುವ ಅಭ್ಯಾಸ ಸೇರಿದಲ್ಲಿ ಕಿಡ್ನಿ ಕಲ್ಲಿನ ತೊಂದರೆ ಹೆಚ್ಚು. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಒಮ್ಮೆ ಕಲ್ಲು ಕಂಡವರಿಗೆ ವೈದ್ಯರು ಪಾಲಕ್ ಕಡಿಮೆ ಮಾಡಿ ಎನ್ನುವುದು ಇದೇ ಕಾರಣಕ್ಕೆ. ಅಂಥವರು ಸೊಪ್ಪನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ, ಪಕ್ಕದ ಕಟ್ಟಿಗೆ ಕೈ ಚಾಚಿದರೆ ಸಾಕು.

ಹಾಗಾದರೆ ಆ ಘಾಟು ಎಲ್ಲಿಂದ ಬರುತ್ತದೆ? ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರೆ ಮೊದಲ ಕ್ಷಣ ಹೆಚ್ಚೇನೂ ಇಲ್ಲ, ಹಸಿ ಕಡಲೆಕಾಯಿಯ ಎಣ್ಣೆಯಂಶವನ್ನು ನೆನಪಿಸುವ ಒಂದು ಮೃದು ರುಚಿ. ಎರಡನೆಯ ಮೂರನೆಯ ಅಗಿತಕ್ಕೆ ಚುರುಕು ಶುರುವಾಗಿ ಅಂಗುಳಿನಿಂದ ಮೂಗಿಗೆ ಏರುತ್ತದೆ. ಅದು ಇಳಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ತೆಳ್ಳಗೆ ಕಹಿ ಉಳಿಯುತ್ತದೆ. ಈ ಕ್ರಮಕ್ಕೆ ಕಾರಣವಿದೆ. ಇಡೀ ಎಲೆಯಲ್ಲಿ ಘಾಟೇ ಇರುವುದಿಲ್ಲ. ಅದರ ಕಚ್ಚಾ ಸಾಮಗ್ರಿಯಾದ ಗ್ಲೂಕೋಸಿನೊಲೇಟ್ ಒಂದು ಬಗೆಯ ಕೋಶಗಳಲ್ಲೂ ಅದನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಬಗೆಯ ಕೋಶಗಳಲ್ಲೂ, ಬೆಂಕಿಪೊಟ್ಟಣ ಮತ್ತು ಕಡ್ಡಿಯನ್ನು ಬೇರೆ ಬೇರೆ ಇಟ್ಟ ಹಾಗೆ, ಪ್ರತ್ಯೇಕವಾಗಿರುತ್ತವೆ. ಹುಳ ಕಡಿದಾಗ, ಚಾಕು ತಾಗಿದಾಗ, ಹಲ್ಲು ಅಗಿದಾಗ ಎರಡೂ ಕೂಡಿ ಐಸೋಥಯೋಸಯನೇಟ್ ಎಂಬ ಹೊಸ ವಸ್ತುಗಳು ಹುಟ್ಟುತ್ತವೆ. ಗಿಡದ ಪಾಲಿಗೆ ಇದು ಹುಳಗಳ ವಿರುದ್ಧದ ರಕ್ಷಣೆ. ಮನುಷ್ಯನ ಮೈಯೊಳಗೆ ಹೋದಾಗ ಅವೇ ವಸ್ತುಗಳು ಯಕೃತ್ತಿನ ಹಾಗೂ ಇತರ ಅಂಗಗಳ ಕೋಶಗಳಲ್ಲಿ ವಿಷವಸ್ತುಗಳನ್ನು ಹೊರಹಾಕುವ ಕಿಣ್ವಗಳ ಉತ್ಪಾದನೆಯನ್ನು ಚುರುಕುಗೊಳಿಸುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ತಲಾಲೆ ಅವರ ತಂಡ 1992ರಲ್ಲಿ ಬ್ರೊಕೊಲಿಯಿಂದ ಸಲ್ಫೊರಾಫೇನ್ ಬೇರ್ಪಡಿಸಿದ ಮೇಲೆ ಈ ದಿಕ್ಕಿನ ಸಂಶೋಧನೆಗೆ ವೇಗ ಬಂತು. ಜರ್ಜೀರಿನಲ್ಲಿರುವ ಎರೂಸಿನ್ ಅದಕ್ಕೆ ತೀರಾ ಹತ್ತಿರದ್ದು. ದೇಹದೊಳಗೆ ಒಂದು ಇನ್ನೊಂದಾಗಿ ಬದಲಾಗುತ್ತದೆ. ಅಂದರೆ ಘಾಟು ಬೇಡ, ಗುಣ ಮಾತ್ರ ಇರಲಿ ಎಂದರೆ ಆಗದ ಮಾತು. ಎರಡೂ ಒಂದೇ ಪದಾರ್ಥದ ಕೆಲಸ.

ರುಚಿಯ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು; ಯಾರೂ ಪೋಷಕಾಂಶದ ಪಟ್ಟಿ ಉಣ್ಣುವುದಿಲ್ಲ. ಎಲ್ಲರ ನಾಲಿಗೆಯೂ ಒಂದೇ ಅಲ್ಲ ಎಂಬುದಕ್ಕೆ ಪುರಾವೆಯೂ ಇದೆ. 1930ರ ದಶಕದ ಆರಂಭದಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಒಂದು ಪುಡಿಯನ್ನು ಸುರಿಯುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಕಹಿ ಎಂದು ಗೊಣಗಿದರು, ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಈ ಭೇದ ವಂಶವಾಹಿಯದು ಎಂದು ತಿಳಿದು, 2003ರಲ್ಲಿ ಆ ಜೀನ್ ಕೂಡ ಸಿಕ್ಕಿತು. ಕೋಸಿನ ಕುಟುಂಬದ ಕೆಲವು ಕಹಿಗಳನ್ನು ಹಿಡಿಯುವುದೂ ಇದೇ ಜೀನ್. ಹಾಗಾಗಿ ಒಬ್ಬರಿಗೆ ಹಿತವಾದ ಎಲೆ ಇನ್ನೊಬ್ಬರಿಗೆ ನಿಜಕ್ಕೂ ವಿಪರೀತ ಕಹಿಯಾಗಿರಬಹುದು. ಮಕ್ಕಳಿಗಂತೂ ಕಹಿ ಇನ್ನೂ ಜೋರು. ಮುಖ ಕಿವುಚುವ ಮಗು ಹಟ ಮಾಡುತ್ತಿದೆ ಎಂದು ಗದರುವುದು ಅನ್ಯಾಯ. ಹೀಗಿದ್ದರೂ ಕಹಿ ಎಂಬ ಒಂದೇ ಕಾರಣಕ್ಕೆ ನಾವು ಎಂದಾದರೂ ಏನನ್ನಾದರೂ ಬಿಟ್ಟಿದ್ದೇವೆಯೇ? ಮೆಂತ್ಯ ಸೊಪ್ಪು ಕಹಿ, ಹಾಗಲಕಾಯಿ ಕಹಿ, ಕಾಫಿ ಕಹಿ. ಉತ್ತರ ಕರ್ನಾಟಕದ ಊಟವನ್ನು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಪಕ್ಕದಲ್ಲಿ ಹಸಿ ಮೆಂತ್ಯ, ಹಕ್ಕರಕಿ, ಈರುಳ್ಳಿ ತಪ್ಪಲು, ಎಲೆ ಸಮೇತ ಎಳೆ ಮೂಲಂಗಿ. ಒಂದು ತುತ್ತು ರೊಟ್ಟಿ, ಒಂದು ಕಡಿತ ಸೊಪ್ಪು. ಅರಬ್ಬರು ಮೀನು-ಅನ್ನದ ಜೊತೆ ಜರ್ಜೀರನ್ನೂ ರುವೈದ್ ಎಂದು ಕರೆಯುವ ಮೂಲಂಗಿ ಎಲೆಯನ್ನೂ ತಿನ್ನುವ ಕ್ರಮ ಇದೇ. ಜಿಡ್ಡು, ಕಾರ, ಉಪ್ಪಿನ ಊಟದ ನಡುವೆ ಬಾಯಿಯನ್ನು ಮತ್ತೆ ಹಸನು ಮಾಡುವ ಕೆಲಸ ಆ ಎಲೆಯದು. ಜರ್ಜೀರನ್ನು ಸಲಾಡ್ ಎಂದು ಬಟ್ಟಲಲ್ಲಿ ತುಂಬಿಕೊಂಡು ಒಂದೇ ಸಮನೆ ಮೇಯುವುದಕ್ಕಿಂತ, ಬಂಗುಡೆ ಫ್ರೈಯ ಪಕ್ಕದಲ್ಲೋ ರೊಟ್ಟಿಯ ಪಕ್ಕದಲ್ಲೋ ಹಸಿಯಾಗಿ ಇಟ್ಟುಕೊಳ್ಳುವುದು ಎಷ್ಟೋ ವಾಸಿ. ಹುಬ್ಬಳ್ಳಿ, ಬಿಜಾಪುರದ ಕಡೆಯವರಿಗೆ ಇದರಲ್ಲಿ ಹೇಳಿಕೊಡುವಂಥದ್ದು ಏನೂ ಇಲ್ಲ. ಕರಾವಳಿಯವರು, ಹಳೆ ಮೈಸೂರಿನವರು ಕಲಿಯಬೇಕು.

ಅವರ ಪಾಲಿಗೂ ದಾರಿ ಇದೆ, ಅದೂ ಸೊಗಸಾದ ದಾರಿ. ಹಸಿಯಾಗಿ ತಿನ್ನಲಾಗದವರು ಎಲೆಯನ್ನು ಬೇಯಿಸಬಹುದು, ಆದರೆ ಚೆನ್ನಾಗಿ ಬೇಯಿಸಿದರೆ ಮೈರೋಸಿನೇಸ್ ಕಿಣ್ವ ಸತ್ತುಹೋಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಒಂದಿಷ್ಟು ಮಾಡುತ್ತವೆಯಾದರೂ ಪೂರ್ತಿ ಅಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಇದಕ್ಕೊಂದು ಉಪಾಯ ಹುಡುಕಿದರು. ಬೇಯಿಸಿದ ಬ್ರೊಕೊಲಿಗೆ ಹಸಿ ಸಾಸಿವೆಯ ಪುಡಿ ಬೆರೆಸಿದರೆ ಸಾಸಿವೆಯೊಳಗಿನ ಕಿಣ್ವ ಕಾಣೆಯಾದ ಕಿಣ್ವದ ಜಾಗ ತುಂಬುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 200 ಗ್ರಾಂ ಬೆಂದ ಬ್ರೊಕೊಲಿಗೆ ಒಂದೇ ಗ್ರಾಂ ಕಂದು ಸಾಸಿವೆಯ ಪುಡಿ ಸೇರಿಸಿ ತಿಂದವರ ದೇಹಕ್ಕೆ ಸಲ್ಫೊರಾಫೇನ್ ನಾಲ್ಕು ಪಟ್ಟಿಗೂ ಹೆಚ್ಚು ದಕ್ಕಿತ್ತು. ಅಧ್ಯಯನ ಚಿಕ್ಕದು, ಬ್ರೊಕೊಲಿಗೆ ಸಂಬಂಧಿಸಿದ್ದು. ಆದರೆ ತತ್ವ ಇಡೀ ಕುಟುಂಬಕ್ಕೆ ಒಪ್ಪುವಂಥದ್ದು. ಕರಾವಳಿ, ಮಲೆನಾಡಿನ ಓದುಗರು ಇಷ್ಟು ಹೊತ್ತಿಗೆ ಮುಗುಳ್ನಗುತ್ತಿರಬಹುದು. ಬೇಯಿಸಿದ ತರಕಾರಿಯ ಹೋಳುಗಳಿಗೆ ತೆಂಗಿನತುರಿ, ಮೆಣಸಿನಕಾಯಿ, ಹಸಿ ಸಾಸಿವೆ ಅರೆದು ಹಾಕಿ ಮೊಸರು ಬೆರೆಸಿದರೆ ಅದೇ ತಾನೆ ನಮ್ಮ ಸಾಸಿವೆ ಅಥವಾ ಸಾಸ್ಮೆ? ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯ ಕಿಣ್ವ ಎಣ್ಣೆಯ ಕಾವಿಗೇ ಮುಗಿದಿರುತ್ತದೆ, ಉಳಿಯುವುದು ಪರಿಮಳ ಮಾತ್ರ. ಅರೆದ ಹಸಿ ಸಾಸಿವೆಯಲ್ಲಿ ಅದು ಜೀವಂತ. ಅದಕ್ಕೇ ಅಮ್ಮಂದಿರು ತಣ್ಣೀರು ಹಾಕಿ ಅರೆಯಬೇಕು, ಬಿಸಿ ಹೋಳುಗಳಿಗೆ ಬೆರೆಸಬಾರದು, ಬೆರೆಸಿದ ಮೇಲೆ ಒಲೆಯ ಮೇಲೆ ಇಡಲೇಬಾರದು, ಹೆಚ್ಚು ಹೊತ್ತು ಅರೆದರೆ ಕಹಿ ಎನ್ನುತ್ತಾರೆ. ಜರ್ಜೀರಿಗೆ ಇದನ್ನು ಹೊಂದಿಸುವುದು ಸುಲಭ: ಸೊಪ್ಪನ್ನು ಒರಟಾಗಿ ಹೆಚ್ಚಿ, ಚಮಚ ಎಣ್ಣೆಯಲ್ಲಿ ಬಾಡಿಸಿ, ಉಪ್ಪು ಹಾಕಿ ಪೂರ್ತಿ ಆರಲು ಬಿಡಬೇಕು. ಅರ್ಧ ಬಟ್ಟಲು ತೆಂಗಿನತುರಿಗೆ ಕಾಲು ಚಮಚ ಸಾಸಿವೆ, ಒಂದು ಹಸಿಮೆಣಸು ಸಾಕು. ಮೊಸರಿನ ಹುಳಿ ಕಹಿಯನ್ನು ತಗ್ಗಿಸುತ್ತದೆ, ತೆಂಗಿನಕಾಯಿಯ ಜಿಡ್ಡು ಘಾಟನ್ನು ಮೆತ್ತಗೆ ಮಾಡುತ್ತದೆ. ಕ್ಯಾರೋಟಿನ್ ಮತ್ತು ಕೆ ಜೀವಸತ್ವ ಮೈಗೆ ಹತ್ತಲು ಆ ಜಿಡ್ಡು ಬೇಕೇ ಬೇಕು.

ಹಳೆ ಮೈಸೂರಿನವರ ಬಸ್ಸಾರಿನದು ಇನ್ನೊಂದು ಜಾಣತನ. ಈ ಕುಟುಂಬದ ಸೊಪ್ಪನ್ನು ನೀರಿನಲ್ಲಿ ಕುದಿಸಿದರೆ ಸಿ ಜೀವಸತ್ವ, ಫೋಲೇಟ್, ಗ್ಲೂಕೋಸಿನೊಲೇಟ್ ಮೂರೂ ಗಣನೀಯ ಪ್ರಮಾಣದಲ್ಲಿ ನೀರಿಗೆ ಇಳಿಯುತ್ತವೆ. ನೀರು ಚೆಲ್ಲಿದರೆ ಅವೂ ಚರಂಡಿಗೆ. ಬಸ್ಸಾರು ಮಾಡುವವರು ಸೊಪ್ಪು ಕಾಳು ಬೇಯಿಸಿ ಕಟ್ಟನ್ನು ಬಸಿದು ಅದನ್ನೇ ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುತ್ತಾರೆ, ನೀರಿಗೆ ಇಳಿದದ್ದು ಚರಂಡಿ ಸೇರುವುದಿಲ್ಲ. ಆದರೆ ಇಲ್ಲೊಂದು ತಿರುವು. ಹರಿವೆ, ಪಾಲಕ್ ಬೆಂದಾಗ ಕಟ್ಟಿಗೆ ಇಳಿಯುವುದರಲ್ಲಿ ಆಕ್ಸಲೇಟೂ ಸೇರಿದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ, ತಲೆತಲಾಂತರದಿಂದ ಉಂಡಿದ್ದೇವೆ. ಕಲ್ಲಿನ ತೊಂದರೆ ಇರುವವರ ಮನೆಯಲ್ಲಿ ಮಾತ್ರ ಬಸ್ಸಾರಿಗೆ ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪು, ಜರ್ಜೀರ್ ಹೆಚ್ಚು ತಕ್ಕವು. ಮೂಲಂಗಿಯ ಮಾತು ಬಂದದ್ದರಿಂದ ಹೇಳಬೇಕು: ಗೆಡ್ಡೆಯನ್ನು ಉಳಿಸಿಕೊಂಡು ಎಲೆಯನ್ನು ಅಂಗಡಿಯಲ್ಲೇ ಮುರಿದು ಬಿಟ್ಟು ಬರುವವರು ಕ್ಯಾಲ್ಸಿಯಂ ಲೆಕ್ಕದಲ್ಲಿ ಒಳ್ಳೆಯ ಭಾಗವನ್ನೇ ಬಿಟ್ಟು ಬರುತ್ತಿದ್ದಾರೆ. ನೂರು ಗ್ರಾಂ ಗೆಡ್ಡೆಯಲ್ಲಿ 25 ಮಿಲಿಗ್ರಾಂ, ಎಲೆಯಲ್ಲಿ ಅದರ ಹಲವು ಪಟ್ಟು. ನವಿಲುಕೋಸಿನ ಎಳೆ ಎಲೆ, ಹೂಕೋಸನ್ನು ಸುತ್ತಿದ ಹಸಿರು ಎಲೆ, ಇವುಗಳ ಪಾಡೂ ಅದೇ.

ಇನ್ನು ವೈದ್ಯಕೀಯ ಆಕ್ಷೇಪಗಳು. ಕೋಸಿನ ಜಾತಿಯ ತರಕಾರಿ ಥೈರಾಯ್ಡ್‌ಗೆ ಕೆಟ್ಟದ್ದು ಎಂಬ ಮಾತು ಪ್ರತಿ ಕನ್ನಡ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಸುತ್ತುತ್ತದೆ, ಅದಕ್ಕೆ ಬುಡವೇ ಇಲ್ಲವೆಂದಲ್ಲ. 1928ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಎಲೆಕೋಸನ್ನೇ ಆಹಾರವಾಗಿ ಕೊಟ್ಟ ಮೊಲಗಳಿಗೆ ಗಳಗಂಡ ಬಂದದ್ದನ್ನು ವರದಿ ಮಾಡಿದರು. 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 88 ವರ್ಷದ ಮಹಿಳೆಯೊಬ್ಬರ ಪ್ರಕರಣ ಪ್ರಕಟಿಸಿತು. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಂದು ಅವರು ಹಲವು ತಿಂಗಳು ಹಸಿ ಬಾಕ್ ಚಾಯ್ ತಿಂದು ಥೈರಾಯ್ಡ್ ಕುಸಿದು ಆಸ್ಪತ್ರೆ ಸೇರಿದ್ದರು. ಎಷ್ಟು ತಿಂದಿದ್ದರು ಎಂಬುದೇ ಇಲ್ಲಿ ಮುಖ್ಯ: ದಿನಕ್ಕೆ ಒಂದರಿಂದ ಒಂದೂವರೆ ಕಿಲೋ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಒಂದು ಕಟ್ಟು ಸೊಪ್ಪನ್ನು ನಾಲ್ವರು ಹಂಚಿ ತಿನ್ನುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲಾಗದು. ಬೇಯಿಸಿದರಂತೂ ಆ ಪರಿಣಾಮ ಇನ್ನೂ ಕಡಿಮೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕಿಲೋಗಟ್ಟಲೆ ಹಸಿ ಎಲೆಯ ಜ್ಯೂಸ್ ಕುಡಿಯುವ ಹುಚ್ಚಿಗೆ ಬೀಳದಿದ್ದರೆ ಸರಿ. ನಿಜವಾಗಿ ಎಚ್ಚರ ಬೇಕಾದದ್ದು ಇನ್ನೊಂದು ಕಡೆ, ಅದರ ಬಗ್ಗೆ ಯಾರೂ ಸಂದೇಶ ಕಳಿಸುವುದಿಲ್ಲ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಅಸಿಟ್ರಾಮ್ ಬಗೆಯ ಮಾತ್ರೆ ನುಂಗುವವರು. ಆ ಮಾತ್ರೆಗಳು ಕೆ ಜೀವಸತ್ವದ ಕೆಲಸವನ್ನು ತಡೆದು ಫಲ ಕೊಡುತ್ತವೆ; ಈ ಸೊಪ್ಪುಗಳಲ್ಲಿ ಕೆ ಹೇರಳ, ನೂರು ಗ್ರಾಂ ಜರ್ಜೀರಿನಲ್ಲಿ ಸುಮಾರು 109 ಮೈಕ್ರೋಗ್ರಾಂ, ಸಾಸಿವೆ ಸೊಪ್ಪಿನಲ್ಲಿ 250ಕ್ಕೂ ಮೇಲೆ. ಪಾಲಕಿನಲ್ಲೂ ಅದು ಕಡಿಮೆಯೇನಲ್ಲ. ಸೊಪ್ಪು ತಿನ್ನಲೇಬಾರದು ಎಂದಲ್ಲ, ದಿಢೀರನೆ ಹೆಚ್ಚು ಕಡಿಮೆ ಮಾಡಬಾರದು. ಊರಿನಿಂದ ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮನ ಊಟ ಹೀಗೆ ದಿಢೀರನೆ ಬದಲಾಗುವುದು ಈ ಕಟ್ಟಡಗಳಲ್ಲಿ ಸಾಮಾನ್ಯ. ಅಂಥ ಮಾತ್ರೆ ಇದ್ದರೆ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸುವುದು ಕ್ಷೇಮ.

ನನ್ನ ಪಕ್ಷದವರೇ ಆಡುವ ಅತಿಯ ಮಾತುಗಳನ್ನೂ ಇಲ್ಲೇ ತಳ್ಳಿಹಾಕಬೇಕು. ಈ ಸೊಪ್ಪುಗಳು ಕ್ಯಾನ್ಸರ್ ತಡೆಯುತ್ತವೆ ಎಂಬುದು ಅವುಗಳಲ್ಲಿ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಈ ಕುಟುಂಬದ ತರಕಾರಿಗಳ ಬಗ್ಗೆಯೇ ಒಂದು ಇಡೀ ಗ್ರಂಥ ಹೊರತಂದಿತು. ಪ್ರಯೋಗಾಲಯದ ಉತ್ಸಾಹಕ್ಕೆ ಹೋಲಿಸಿದರೆ ಅದರ ತೀರ್ಮಾನ ತುಂಬ ಜಾಗರೂಕತೆಯದು. ಹೆಚ್ಚು ತಿನ್ನುವವರಲ್ಲಿ ಕೆಲವು ಕ್ಯಾನ್ಸರುಗಳು ತುಸು ಕಡಿಮೆ ಕಂಡಿರುವುದು ಒಂದು, ಎಲೆ ತಿಂದರೆ ರೋಗ ಬಾರದು ಎನ್ನುವುದು ಇನ್ನೊಂದು. ಎರಡನೆಯ ಅತಿಯ ಮಾತು ಕೇಲ್ ಎಂಬ ಮಾಯೆ. ವಿಮಾನದಲ್ಲಿ ಬಂದಿಳಿದ ಕೇಲ್‌ನ ಸಣ್ಣ ಪೊಟ್ಟಣಕ್ಕೆ ಜರ್ಜೀರಿನ ಹಲವು ಕಟ್ಟುಗಳ ಬೆಲೆ. ಸಿ ಜೀವಸತ್ವದಲ್ಲಿ ಕೇಲ್ ಬಹಳ ಮುಂದೆ, ನೂರು ಗ್ರಾಂಗೆ 90 ಮಿಲಿಗ್ರಾಂ ಮೀರುತ್ತದೆ, ಜರ್ಜೀರಿನಲ್ಲಿ ಬರೀ 15. ಅದನ್ನು ಒಪ್ಪಿಕೊಂಡೇ ಹೇಳುವುದು: ಜರ್ಜೀರಿನ ಮೇಲೆ ಅರ್ಧ ನಿಂಬೆ ಹಿಂಡಿದರೆ ಆ ಕೊರತೆಯ ಒಂದು ಪಾಲು ತುಂಬಿತು, ಎಲೆಯ ಕಬ್ಬಿಣ ಮೈಗೆ ಹತ್ತಲೂ ನೆರವಾಯಿತು. ಸಾಸಿವೆ ಸೊಪ್ಪಿನಲ್ಲಂತೂ ಸಿ 70 ಮಿಲಿಗ್ರಾಂ ಇದೆ, ಪಂಜಾಬಿಗಳ ದೆಸೆಯಿಂದ ಚಳಿಗಾಲದಲ್ಲಿ ಇಲ್ಲಿನ ಅಂಗಡಿಗಳಿಗೂ ಬರುತ್ತದೆ. ಕೇಲ್ ಮುಟ್ಟದ ಒಂದು ವಿಷಯದಲ್ಲಿ ಜರ್ಜೀರ್ ಮುಂದಿದೆ, ನೈಟ್ರೇಟ್. ಅತಿ ಹೆಚ್ಚು ನೈಟ್ರೇಟ್ ಇರುವ ಎಲೆಗಳಲ್ಲಿ ಅದೂ ಒಂದು. ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಂಡು ರಕ್ತನಾಳಗಳನ್ನು ಸಡಿಲಿಸುತ್ತದೆ, ಬಿ.ಪಿ. ತುಸು ಇಳಿಯುತ್ತದೆ. ಬಿ.ಪಿ. ಮಾತ್ರೆ ಬಿಡುವಷ್ಟಲ್ಲ. ಸೊಪ್ಪಿನಿಂದಲೇ ಮೂಳೆ ಗಟ್ಟಿ ಎನ್ನುವುದೂ ಅತಿಯೇ: ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಹೀರುವಿಕೆ ಕುಂಟುತ್ತದೆ. ಇಷ್ಟು ಬಿಸಿಲಿರುವ ದೇಶದಲ್ಲಿ ಎ.ಸಿ. ಕೊಠಡಿಯಿಂದ ಎ.ಸಿ. ಕಾರಿಗೆ ಓಡಾಡುವ ಜನರಲ್ಲಿ ಡಿ ಕೊರತೆ ಸಾಮಾನ್ಯ. ಆ ಕೊರತೆಯನ್ನು ಯಾವ ಸೊಪ್ಪೂ ನೀಗಿಸದು.

ಬೆಲೆ, ಲಭ್ಯತೆಯ ತಕರಾರಿಗೆ ಎಮಿರೇಟ್ಸ್‌ನಲ್ಲಿ ಜಾಗವಿಲ್ಲ. ಆಹಾರದ ಬಹುಪಾಲನ್ನು ಆಮದು ಮಾಡಿಕೊಳ್ಳುವ ಈ ದೇಶದಲ್ಲಿ ಸೊಪ್ಪು ಸ್ಥಳೀಯವಾಗಿ ಬೆಳೆಯುವ ಕೆಲವೇ ಪದಾರ್ಥಗಳಲ್ಲಿ ಒಂದು. ಅಲ್ ಐನ್ ಕಡೆಯ ತೋಟಗಳಲ್ಲದೆ, ದುಬೈನ ಅಲ್ ಮಕ್ತೂಮ್ ವಿಮಾನ ನಿಲ್ದಾಣದ ಬಳಿ 2022ರ ಜುಲೈನಲ್ಲಿ ಶುರುವಾದ ಬುಸ್ತಾನಿಕಾ ಎಂಬ ಒಳಾಂಗಣ ತೋಟ ಸುಮಾರು 3,30,000 ಚದರಡಿಯಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯುತ್ತದೆ. ವರ್ಷಕ್ಕೆ ಹತ್ತು ಲಕ್ಷ ಕಿಲೋಗೂ ಹೆಚ್ಚು ಬೆಳೆಯುವುದು, ಹೊಲದ ಬೇಸಾಯಕ್ಕಿಂತ ಶೇ. 95ರಷ್ಟು ನೀರು ಉಳಿಸುವುದು ಅದರ ಲೆಕ್ಕ. ಪೊಟ್ಟಣದ ಸೊಪ್ಪಿಗಿಂತ ಕಟ್ಟಿನ ಸೊಪ್ಪು ಅಗ್ಗ, ಆದರೆ ಮರಳು ಹೆಚ್ಚು. ಹಸಿಯಾಗಿ ತಿನ್ನುವುದಾದರೆ ತೊಟ್ಟು ಬಿಡಿಸಿ, ಅಗಲ ಪಾತ್ರೆಯ ನೀರಿನಲ್ಲಿ ಎರಡು ಮೂರು ಸಲ ಮುಳುಗಿಸಿ ಎತ್ತಬೇಕು. ನಲ್ಲಿಯ ಕೆಳಗೆ ಹಿಡಿದರೆ ಸಾಲದು. ತೊಟ್ಟುಗಳನ್ನು ಎಸೆಯಬೇಕಿಲ್ಲ, ಸಣ್ಣಗೆ ಹೆಚ್ಚಿ ಬೇಳೆಯ ಜೊತೆ ಬೇಯಿಸಬಹುದು. ಕಿಟಕಿಯಲ್ಲಿ ನಾಲ್ಕು ಗಂಟೆ ಬಿಸಿಲು ಬೀಳುವ ಫ್ಲ್ಯಾಟ್ ಸಿಕ್ಕ ಪುಣ್ಯವಂತರು ಅಕ್ಟೋಬರ್ ಕಳೆದ ಮೇಲೆ ಕುಂಡದಲ್ಲಿ ಬೀಜ ಎರಚಿದರೆ ನಾಲ್ಕೈದು ದಿನಕ್ಕೆ ಮೊಳಕೆ, ಐದಾರು ವಾರಕ್ಕೆ ಎಲೆ. ಮಾರ್ಚ್‌ವರೆಗಿನ ಆ ಎಲೆ ಎಳಸು, ಘಾಟು ಹಿತ, ಹಸಿಯಾಗಿ ತಿನ್ನಲು ಅದೇ ಕಾಲ. ಏಪ್ರಿಲ್ ನಂತರ ಸೆಕೆ ತಾಗಿದ ಗಿಡ ಬೇಗ ಹೂ ಬಿಡುತ್ತದೆ, ಎಲೆ ಒರಟಾಗಿ ಕಹಿ ಏರುತ್ತದೆ. ಆಗ ಬಾಣಲೆಗೆ, ಬಸ್ಸಾರಿಗೆ, ಸಾಸ್ಮೆಗೆ ಹಾಕುವುದು ಮೇಲು.